ಕೊನೇ ಲಾಂಚಿನ ಗಡಿಯಾರ

ಇವತ್ತು ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಚಿಕ್ಕಮ್ಮ ಸಾಗರಕ್ಕೆ ಬಂದಿದ್ರು. ಸಂಜೆ ಐದಾಯ್ತು, ಎದ್ದು ಚೀಲ ಹೆಗಲಿಗೆ ಹಾಕಿಕೊಂಡ್ರು.

"ಸೇತುವೆ ಆಯ್ತಲ್ಲ ಚಿಕ್ಕಮ್ಮ, ಊಟ ಮಾಡ್ಕೊಂಡು ಹೋಗಿ" ಅಂದೆ.

"ಹೌದಲ್ಲೆ ಮಾರಾಯ್ತಿ!" ಅಂತ ಮತ್ತೆ ಕೂತ್ರು. ಚೀಲ ಮಾತ್ರ ತೊಡೆ ಮೇಲೇ ಇತ್ತು.

ಮೊದಲೆಲ್ಲ ಹಿನ್ನೀರು ದಾಟಿಸ್ತಿದ್ದ ಕೊನೇ ಲಾಂಚ್ ತಪ್ಪಿದ್ರೆ ಹೊಳೆಯ ಈಚೆಗೇ ರಾತ್ರಿ ಕಳೀಬೇಕು ಅನ್ನೋ ಭಯ. ಅದು ಮೈಯಲ್ಲೇ ಉಳಿದುಬಿಟ್ಟಿದೆ.

ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದರ ಹಿನ್ನೀರು ದಾಟೋ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. 2.44 ಕಿಲೋಮೀಟರ್ ನೀರು ದಾಟೋಕೆ ಅರವತ್ತು ವರ್ಷ! ತುಮರಿ ಕಡೆಯವರ ಗದ್ದೆ ತೋಟ ಮುಳುಗಿಸಿದ ನೀರಿನಿಂದ ನಾಡಿಗೆಲ್ಲ ಕರೆಂಟು ಬಂತು. ಅವರಿಗೆ ಬಂದಿದ್ದು ಲಾಂಚು.

ರಸ್ತೆ, ಸೇತುವೆ ಮಾತು ಬಂದಾಗ "ಅಲ್ಲಿ ಜನ ಎಷ್ಟಿದ್ದಾರೆ?" ಅಂತ ಯಾರಾದ್ರೂ ಕೇಳಿದ್ರೆ ನನಗೆ ಸಿಟ್ಟು ಬರುತ್ತೆ. ಹಳ್ಳಿಗಳಿಗೆ ರಸ್ತೆ ಮಾಡೋ ಕೇಂದ್ರದ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲು ಪ್ರದೇಶದ ಊರಿಗೆ ರಸ್ತೆ ಬೇಕಂದ್ರೆ ಕನಿಷ್ಠ 500 ಜನ ಇರಬೇಕು ಅಂತ ಲೆಕ್ಕ ಇಟ್ಟಿದ್ರು. ಲೆಕ್ಕ ಬೇಕು, ಒಪ್ತೀನಿ. ಆದ್ರೆ ಮಲೆನಾಡಲ್ಲಿ ಊರು ಅಂದ್ರೆ ತೋಟದ ಆಚೆ ಒಂದು ಮನೆ, ಗುಡ್ಡದ ಈಚೆ ಇನ್ನೊಂದು. ಜನ ಕಡಿಮೆ ಅಂತ ರಸ್ತೆ ತಡ ಆಗುತ್ತೆ. ರಸ್ತೆ ಇಲ್ಲ ಅಂತ ಮಕ್ಕಳು ಬೆಂಗಳೂರು ಸೇರ್ತಾರೆ, ಜನ ಇನ್ನೂ ಕಡಿಮೆ ಆಗ್ತಾರೆ.

ಬಸುರಿ ಹೆಂಗಸರು, ಎದೆನೋವು ಬಂದ ಅಜ್ಜಂದಿರು ರಾತ್ರಿ ಹೊತ್ತು ಏನು ಮಾಡ್ತಿದ್ರು ಅಂತ ಚಿಕ್ಕಮ್ಮನ ಬಾಯಲ್ಲಿ ಒಮ್ಮೆ ಕೇಳಿ. ತಲೆ ಎಣಿಸೋ ಮನಸ್ಸೇ ಬರಲ್ಲ.

ಈಗ ಸೇತುವೆ ಇದೆ, ತುಂಬಾ ಖುಷಿ. ಇನ್ನು ಬಸ್ಸು ಹೆಚ್ಚಬೇಕು, ಕತ್ತಲಾದ ಮೇಲಿಂದೂ. ಎಲ್ಲರ ಮನೇಲೂ ಕಾರಿಲ್ಲ.