ಎಲ್ಲಾ ಒಂದೇ ಆದ್ರೆ ಬಿಲ್ ಯಾಕೆ ಕೊಡಬೇಕು?

ಇಲ್ಲ, ಕಡಿಮೆ ಮಾಡಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಪ್ರಶ್ನೆ ಕೇಳುವ ಅರ್ಧ ಜನಕ್ಕೆ ಬೇಕಾಗಿರುವುದು ಅಷ್ಟೇ.

ನಾನು ಫಿಲಾಸಫಿಯಲ್ಲಿ ಎಂ.ಎ. ಮಾಡಿ ದಾವಣಗೆರೆಯಲ್ಲಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂತಿದ್ದೇನೆ. ಇದು ಗೊತ್ತಿರುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೌಂಟರ್ ಮೇಲೆ ಮೊಣಕೈ ಊರಿ ಕೇಳಿದ್ದಾರೆ: "ಅದ್ವೈತದಾಗೆ ಎಲ್ಲಾ ಒಂದೇ ಅಂತಾರಲ್ಲ, ಹಂಗಾದ್ರೆ ನಿಮ್ ದುಡ್ಡೇನು, ನಮ್ ದುಡ್ಡೇನು? ಬಿಲ್ ಯಾಕ್ ಕೊಡ್ಬೇಕು?" ಕೇಳಿದ ಮೇಲೆ ಪಕ್ಕದವರ ಮುಖ ನೋಡಿ ನಗುತ್ತಾರೆ, ಈ ಜೋಕು ಜಗತ್ತಿನಲ್ಲಿ ಮೊದಲು ಹೊಳೆದದ್ದು ತಮಗೇ ಅನ್ನೋ ಹಾಗೆ. ಹದಿನಾರು ವರ್ಷದಿಂದ ನಾನೂ ನಗುತ್ತಿದ್ದೇನೆ. ಸಾಕು.

ಉತ್ತರ ತಗೊಳ್ಳಿ. ಶಂಕರರು ಎರಡು ಲೆಕ್ಕ ಇಟ್ಟಿದ್ದಾರೆ, ವ್ಯವಹಾರದ್ದು ಒಂದು, ಪರಮಾರ್ಥದ್ದು, ಅಂದ್ರೆ ಕೊನೇ ಸತ್ಯದ್ದು, ಒಂದು. ವ್ಯವಹಾರದಲ್ಲಿ ನೀವು ಬೇರೆ, ನಾನು ಬೇರೆ, ಪಾಲಿಯೆಸ್ಟರ್ ಬೇರೆ, ಕಾಟನ್ ಬೇರೆ. ಎಚ್ಚರ ಆಗುವ ತನಕ ಕನಸಿನ ವ್ಯವಹಾರ ಹೇಗೆ ನಿಜವೋ ಇದೂ ಹಾಗೇ ಅಂತ ಅವರೇ ಹೇಳಿದ್ದಾರೆ. ನಿಮಗೆ ನಿಜಕ್ಕೂ ಎಚ್ಚರ ಆಗಿದ್ದಿದ್ರೆ ಸೀರೆ ರೇಟ್ ಕೇಳ್ತಾ ನಿಲ್ತಿರಲಿಲ್ಲ.

ನನಗೆ ಸಿಟ್ಟು ಬರುವುದು ಜೋಕಿಗಲ್ಲ, ಆ "ಒಂದೇ" ಅನ್ನೋ ಪದಕ್ಕೆ. ಜನ "ಒಂದೇ" ಅಂದ್ರೆ "ಒಂದೇ ಥರ" ಅಂದುಕೊಳ್ಳುತ್ತಾರೆ. ಎಲ್ಲಾ ಪಾರ್ಟಿಗಳೂ ಒಂದೇ ಅಂತೀವಲ್ಲ, ಆ ಒಂದೇ. ಇಲ್ಲದಿದ್ರೆ ಎರಡನ್ನು ತಂದು ಅಂಟಿಸಿದ ಒಂದೇ. ಪಕ್ಕದ ಹರಿಹರಕ್ಕೆ ಹೋಗಿ ಬಂದವರು "ನೋಡ್ರಿ, ಅಲ್ಲಿ ಹರಿ ಹರ ಒಂದೇ" ಅನ್ನುತ್ತಾರೆ. ಹೊಯ್ಸಳರ ಕಾಲದ, 1224ರ ಗುಡಿ ಅದು, ನನಗೂ ಇಷ್ಟ. ಆದರೆ ಆ ಮೂರ್ತಿಯಲ್ಲಿ ಬಲಗಡೆ ಶಿವ, ಎಡಗಡೆ ವಿಷ್ಣು. ಅದು ರಾಜಿ ಮಾಡಿಸಿದ್ದು. ಅದ್ವೈತ ರಾಜಿ ಮಾಡಿಸುವುದಿಲ್ಲ, ಜಗಳ ಮಾಡೋಕೆ ಎರಡನೆಯವನು ಇದ್ದದ್ದೇ ಇಲ್ಲ ಅನ್ನುತ್ತದೆ. ಕೇಳೋಕೆ ಇದೇ ಜಾಸ್ತಿ ಕಷ್ಟ, ಅಲ್ವಾ?

ಹಳೇ ಗಿರಾಕಿ ಒಬ್ಬರಿದ್ದಾರೆ, ಹೆಸರು ಬೇಡ. ಮಗನ ಮದುವೆಗೆ ತಗೊಂಡ ಶರ್ಟ್ ಪೀಸ್‌ಗಳ 2,340 ರೂಪಾಯಿ ಉದ್ರಿ ಉಳಿಸಿಕೊಂಡವರು. ಹೋದ ವರ್ಷ ಶ್ರಾವಣದಲ್ಲಿ ಅವರೂ ಅದೇ ಪ್ರಶ್ನೆ ಕೇಳಿದರು. ಅವತ್ತು ಮಳೆ, ಅಂಗಡಿ ಖಾಲಿ, ನನಗೆ ಮಾತಾಡುವ ಹುಕಿ. ವೇದಾಂತದ ಮೂಲ ಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದಲ್ಲಿ "ಪಟವಚ್ಚ" ಅಂತ ಒಂದು ಸೂತ್ರ ಇದೆ, "ಬಟ್ಟೆಯ ಹಾಗೆ" ಅಂತ ಅರ್ಥ. ಬಟ್ಟೆ ಅಂಗಡಿಯವನಿಗೆ ಅಂತಲೇ ಬರೆದ ಹಾಗಿದೆ. ಶೆಲ್ಫಿಂದ ತಿಳಿ ನೀಲಿ ಥಾನು ಇಳಿಸಿದೆ. ಸುತ್ತಿಟ್ಟಾಗ ಅದು ಬರೀ ಒಂದು ದಿಂಡು. ಎಷ್ಟು ಉದ್ದ, ಎಷ್ಟು ಪನ್ನ, ಒಳಗೆ ಗೆರೆ ಇದೆಯೋ ಚೌಕಳಿಯೋ, ಏನೂ ಗೊತ್ತಾಗಲ್ಲ. ಅಂಚು ಹಿಡಿದು ಎಸೆದೆ. ದಡ್ ದಡ್ ಅಂತ ಉರುಳಿ ಕೌಂಟರ್ ತುಂಬಾ ಹರಡಿತು, ಹೊಸ ಗಂಜಿಯ ವಾಸನೆ, ಗೇಣಿಗೊಂದು ಬಿಳಿ ಗೆರೆ. "ಈಗ ಹೊಸದಾಗಿ ಏನಾದ್ರೂ ಬಂತಾ ಯಜಮಾನ್ರೇ? ಸುತ್ತಿದ್ದೂ ಇದೇ, ಬಿಚ್ಚಿದ್ದೂ ಇದೇ. ಜಗತ್ತೂ ಅದರ ಮೂಲವಾದ ಬ್ರಹ್ಮವೂ ಹಿಂಗೇ ಅಂತಾರೆ ಶಂಕರರು."

ಅವರು ಬಟ್ಟೆ ಮೇಲೆ ಕೈಯಾಡಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲಾ ಸರಿ ತಮ್ಮಾ. ಎಲ್ಲಾ ಒಂದೇ. ಹಂಗಾದ್ರೆ ಸಾಲ ಯಾರ್ದು?" ಅಂದರು. ಥಾನು ಸುತ್ತುತ್ತಿದ್ದ ನಮ್ಮ ಹುಡುಗ ಕಿಸಕ್ಕಂತ ನಕ್ಕ. ನನಗೆ ಮೈ ಉರಿಯಿತು.

ರಾತ್ರಿ ಶಟರ್ ಎಳೆಯುವಾಗ ಹೊಳೆಯಿತು: ಇದನ್ನು ರಾಮಾನುಜರು ಕೇಳಿದ್ದಾರೆ! ಒಂದು ಪದ ಮಾತ್ರ ಬೇರೆ. ಬ್ರಹ್ಮಸೂತ್ರಕ್ಕೆ ತಾವು ಬರೆದ ಶ್ರೀಭಾಷ್ಯದಲ್ಲಿ ಅವರು ಅದ್ವೈತಿಗಳಿಗೆ ಹಾಕುವ ಏಳು ಆಕ್ಷೇಪಗಳಲ್ಲಿ ಮೊದಲನೆಯದೇ ಇದು. ಬೇರೆ ಬೇರೆ ಅನ್ನಿಸೋದು ಅವಿದ್ಯೆಯಿಂದ, ಅಂದ್ರೆ ಅಜ್ಞಾನದಿಂದ, ಅಂತೀರಿ. ಸರಿ, ಆ ಅವಿದ್ಯೆ ಯಾರದ್ದು? ಬ್ರಹ್ಮದ್ದು ಅಂದ್ರೆ, ಬರೀ ಅರಿವೇ ಆಗಿರುವುದಕ್ಕೆ ಮರೆವು ಎಲ್ಲಿಂದ ಬಂತು? ಜೀವದ್ದು ಅಂದ್ರೆ, ಜೀವ ಅನ್ನೋದೇ ಅವಿದ್ಯೆಯಿಂದ ಆದದ್ದು ಅಂತ ಈಗ ತಾನೇ ನೀವೇ ಹೇಳಿದಿರಿ. ನೋಡಿ, ಇದು ಪ್ರಶ್ನೆ. ಹದಿನಾರು ವರ್ಷದಲ್ಲಿ ಒಬ್ಬರಾದರೂ ಇದನ್ನು ಬೇಕಂತಲೇ ಕೇಳಿದ್ದಿದ್ರೆ ಟೀ ತರಿಸಿ ಕೂರಿಸಿಕೊಳ್ಳುತ್ತಿದ್ದೆ.

ರಾಮಾನುಜರಿಗಿಂತ ಎಷ್ಟೋ ಮೊದಲೇ, ಗೀತೆಯ 13ನೇ ಅಧ್ಯಾಯದ ಭಾಷ್ಯದಲ್ಲಿ, ಶಂಕರರು ಇದೇ ಪ್ರಶ್ನೆ ಎತ್ತಿಕೊಂಡು ಕೊಟ್ಟ ಉತ್ತರ ಇಷ್ಟೇ: ಯಾರಿಗೆ ಕಾಣುತ್ತದೋ ಅವರದ್ದೇ. ಎಂ.ಎ.ಯಲ್ಲಿ ಓದಿದಾಗ ಇದು ಜಾರಿಕೊಳ್ಳುವ ಮಾತು ಅನ್ನಿಸಿತ್ತು. "ಬಣ್ಣ ಹೋಗುತ್ತಾ?" ಅಂತ ಕೇಳಿದರೆ "ಅದು ಒಗೆಯುವವರ ಕೈಲಿದೆ" ಅಂತ ನಾವು ಹೇಳ್ತೀವಲ್ಲ, ಹಾಗೆ. ಈಗಲೂ ಕೆಲವು ದಿನ ಹಾಗೇ ಅನ್ನಿಸುತ್ತದೆ.

ಅವತ್ತು ರಾತ್ರಿ ಸುಮ್ನೆ ಉದ್ರಿ ಪುಸ್ತಕಕ್ಕೆ ಹಚ್ಚಿ ನೋಡಿದೆ. ಆ ಯಜಮಾನರಿಗೆ ಸಾಲ ಕಾಣುತ್ತಲೇ ಇಲ್ಲ. ದಿನಾ ಬೆಳಗ್ಗೆ ಪುಸ್ತಕ ತೆಗೆದರೆ 2,340 ಕಾಣುವುದು ನನಗೊಬ್ಬನಿಗೇ. ಶಂಕರರ ಮಾತು ಹಿಡಿದರೆ ಸಾಲ ಯಾರದ್ದಾಯಿತು? ದಯವಿಟ್ಟು ಇದನ್ನು ಅವರಿಗೆ ಹೇಳಬೇಡಿ. ಮೊನ್ನೆ ತಾನೇ ಬಂದು ಎರಡು ಪಂಚೆ ತಗೊಂಡು, "ಬರ್ಕೊ ತಮ್ಮಾ" ಅಂದು ಹೋದರು.