ಟ್ರೇಲರಿನ ಬೆನ್ನಿಗೆ ನಾಲ್ಕು ಸೈಕಲ್: ಪೆರ್ಲದಿಂದ ವಲಿಯಪರಂಬದವರೆಗೆ

ಕಳೆದ ಡಿಸೆಂಬರಿನಲ್ಲಿ ನಾನು, ನನ್ನ ಪತ್ನಿ ಮತ್ತು ಇಬ್ಬರು ಮಕ್ಕಳು ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಯಿಂದ ಹೊರಟು, ಬೇಕಲ, ನೀಲೇಶ್ವರಗಳ ಮೂಲಕ ವಲಿಯಪರಂಬದವರೆಗೆ ಹೋಗಿ ಬಂದೆವು. ಕಾರಿನ ಹಿಂದೆ ರಾತ್ರಿ ಮಲಗಲು ಅನುಕೂಲವಿರುವ ಒಂದು ಸಣ್ಣ ಟ್ರೇಲರ್, ಅದರ ಹಿಂಬದಿಯ ಸ್ಟ್ಯಾಂಡಿನಲ್ಲಿ ನಾಲ್ಕು ಸೈಕಲ್, ಇದು ನಮ್ಮ ಸಿದ್ಧತೆಯಾಗಿತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು ಇರುವ ಆ ಉದ್ದನೆಯ ಸಮತಟ್ಟು ನೆಲದಲ್ಲಿ ಮಕ್ಕಳ ಜೊತೆ ಸೈಕಲ್ ತುಳಿಯಬೇಕೆಂಬುದು ಬಹಳ ದಿನಗಳ ಆಸೆ. ಅದು ಈಡೇರಿತು. ಆದರೆ ಹೊರಟ ಮೊದಲ ಅರ್ಧ ಗಂಟೆಯಲ್ಲಿಯೇ ನಡೆದ ಒಂದು ಘಟನೆಯಿಂದ ನಾನು ಕಲಿತದ್ದನ್ನು ಇದೇ ರೀತಿ ಹೊರಡುವವರಿಗೆ ತಿಳಿಸುವುದು ಅಗತ್ಯವೆಂದು ಭಾವಿಸುತ್ತೇನೆ.

ಹೊರಡುವ ಮುನ್ನ ನನ್ನ ಗಮನವೆಲ್ಲ ಹಗ್ಗದ ಮೇಲಿತ್ತು. ಸೈಕಲ್ ಕಳಚಿ ಬೀಳಬಾರದು, ಅಷ್ಟಾದರೆ ಸಾಕು ಎಂದುಕೊಂಡಿದ್ದೆ. ಉಕ್ಕಿನಡ್ಕ ದಾಟಿ ಪಳ್ಳತ್ತಡ್ಕದ ಕಡೆಗೆ ಇಳಿಯುವಾಗ ಟ್ರೇಲರಿನ ಹಿಂಭಾಗ ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗತೊಡಗಿತು. ಪ್ರತಿಯೊಂದು ತೂಗಿಗೂ ಕಾರಿನ ಹಿಂಬದಿಯನ್ನು ಯಾರೋ ಹಿಡಿದು ಅಲುಗಿಸಿದಂತೆ ಆಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದುಕೊಂಡು, ವೇಗ ತಾನಾಗಿ ಇಳಿಯಲು ಬಿಟ್ಟೆ. ಇಂತಹ ಹೊತ್ತಿನಲ್ಲಿ ಕಾರಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಟ್ರೇಲರ್ ಮುಂದಕ್ಕೆ ನುಗ್ಗಿ ಅಡ್ಡ ತಿರುಗುವ ಅಪಾಯವಿದೆ. ತೂಗಿಗೆ ಎದುರಾಗಿ ಸ್ಟಿಯರಿಂಗ್ ತಿರುಗಿಸಿದರೆ ತೂಗು ಇನ್ನಷ್ಟು ಹೆಚ್ಚುತ್ತದೆ. ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ಇದ್ದವರು ಅದನ್ನು ಮಾತ್ರ ಮೆಲ್ಲನೆ ಹಾಕಬಹುದು. ನಮ್ಮದಕ್ಕೆ ಅದಿರಲಿಲ್ಲ.

ಬದಿಯಡ್ಕದವರೆಗೆ ನಿಧಾನವಾಗಿ ಬಂದು ನಿಲ್ಲಿಸಿದೆವು. ಪರಿಚಯದ ಅಡಿಕೆ ಅಂಗಡಿಯವರು ಚೀಲ ತೂಗುವ ತಕ್ಕಡಿಯನ್ನು ಬಳಸಲು ಕೊಟ್ಟರು. ಸಮತಟ್ಟಾದ ಜಾಗದಲ್ಲಿ ಟ್ರೇಲರನ್ನು ಕಾರಿನಿಂದ ಬಿಡಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿನ ಕೊಕ್ಕೆಗೆ ಸಿಕ್ಕಿಸುವ ಅದರ ಮೂತಿಯನ್ನು ತಕ್ಕಡಿಯ ಮೇಲಿಟ್ಟ ಮರದ ದಿಮ್ಮಿಗೆ ಇಳಿಸಿದಾಗ ತೋರಿದ ತೂಕ 27 ಕಿಲೋ. ಸೈಕಲ್‌ಗಳನ್ನೂ ಸ್ಟ್ಯಾಂಡನ್ನೂ ತೆಗೆದು ತೂಗಿದಾಗ 82 ಕಿಲೋ. ಸಾಮಾನು ಸಹಿತ ನಮ್ಮ ಟ್ರೇಲರಿನ ಒಟ್ಟು ತೂಕ ಸುಮಾರು 850 ಕಿಲೋ. ಒಟ್ಟು ತೂಕದ ಹತ್ತನೆಯ ಒಂದರಷ್ಟು ಕೊಕ್ಕೆಯ ಮೇಲೆ ಕುಳಿತಿದ್ದರೆ ಮಾತ್ರ ಇಂತಹ ಟ್ರೇಲರ್ ನೇರವಾಗಿ ಹಿಂಬಾಲಿಸುತ್ತದೆ ಎಂಬುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ.

ಇದರ ಕಾರಣವನ್ನು ನಮ್ಮ ಊರಿನವರಿಗೆ ವಿವರಿಸಲು ಬಾವಿಯಿಂದ ನೀರೆತ್ತುವ ಏತಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಏತದ ಬಾಲಕ್ಕೆ ಕಲ್ಲು ಕಟ್ಟಿದರೆ ಮುಂದಿನ ತುದಿ ಮೇಲೇಳುತ್ತದೆ. ಟ್ರೇಲರಿನ ಚಕ್ರಗಳ ಅಚ್ಚು ಏತದ ಕಂಬವಿದ್ದಂತೆ, ಸೈಕಲ್‌ಗಳು ಬಾಲದ ಕಲ್ಲು, ಕಾರಿನ ಕೊಕ್ಕೆ ಮುಂದಿನ ತುದಿ. ನಮ್ಮ ಟ್ರೇಲರಿನಲ್ಲಿ ಅಚ್ಚಿನಿಂದ ಕೊಕ್ಕೆಗೆ 3 ಮೀಟರ್, ಅಚ್ಚಿನಿಂದ ಸೈಕಲ್‌ಗಳ ನಡುಭಾಗಕ್ಕೆ 2.1 ಮೀಟರ್. ನಾಲ್ಕು ಸೈಕಲ್ ಮತ್ತು ಸ್ಟ್ಯಾಂಡ್ ಸೇರಿ 78 ಕಿಲೋ. 78ನ್ನು 2.1ರಿಂದ ಗುಣಿಸಿ 3ರಿಂದ ಭಾಗಿಸಿದರೆ ಸುಮಾರು 55. ಕೊಕ್ಕೆಯ ಮೇಲಿನಿಂದ ಮಾಯವಾದದ್ದೂ ಅಷ್ಟೇ ಕಿಲೋ. ಹೊರಡುವ ಹಿಂದಿನ ದಿನ ಅಳತೆಪಟ್ಟಿ ಹಿಡಿದು ಈ ಲೆಕ್ಕವನ್ನು ಮಾಡಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಆ ಇಳಿಜಾರನ್ನು ಹಾಗೆ ಇಳಿಯುವ ಪ್ರಸಂಗ ಬರುತ್ತಿರಲಿಲ್ಲ.

ಪರಿಹಾರ ಅಲ್ಲಿಯೇ ಸಿಕ್ಕಿತು. ತಲಾ 16 ಕಿಲೋ ತೂಗುವ ದೊಡ್ಡವರ ಎರಡು ಸೈಕಲ್‌ಗಳನ್ನು ಕಾರಿನ ಮಾಡಿನ (ಮೇಲ್ಛಾವಣಿಯ) ಕ್ಯಾರಿಯರಿಗೆ ಏರಿಸಿದೆವು. ಟ್ರೇಲರಿನ ಹಿಂಬದಿಯಲ್ಲಿದ್ದ 20 ಲೀಟರಿನ ಎರಡು ನೀರಿನ ಕ್ಯಾನುಗಳನ್ನು ಅಚ್ಚಿನ ಮುಂದಕ್ಕೆ ತಂದಿಟ್ಟೆವು. ಮತ್ತೆ ತೂಗಿದಾಗ 90 ಕಿಲೋ ಬಂತು. ಅಲ್ಲಿಂದ ಮುಂದೆ ಇಡೀ ಪ್ರವಾಸದಲ್ಲಿ ಟ್ರೇಲರ್ ಒಮ್ಮೆಯೂ ತೂಗಾಡಲಿಲ್ಲ. ಮರಳುವಾಗ ತೆಕ್ಕಿಲ್, ಬೇವಿಂಜೆಯ ಏರಿಳಿತಗಳಲ್ಲಿಯೂ ಅದು ಶಾಂತವಾಗಿಯೇ ಬಂತು. ಮಾಡಿನ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬಾರದು. ಸೈಕಲ್ ಏರಿದ ಮೇಲೆ ಕಾರಿನ ಎತ್ತರ ಎಷ್ಟಾಯಿತೆಂದು ಅಳೆದು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. ರೈಲ್ವೆ ಕೆಳಸೇತುವೆ, ರಸ್ತೆಗೆ ಬಾಗಿದ ಹಲಸಿನ ಕೊಂಬೆ, ಜಾತ್ರೆಯ ಕಮಾನು ಎದುರಾದಾಗ ನೆನಪನ್ನು ನಂಬಿ ಮುಂದುವರಿಯುವುದು ಸರಿಯಲ್ಲ.

ಎರಡನೆಯ ಮುಖ್ಯ ವಿಷಯ, ಸ್ಟ್ಯಾಂಡನ್ನು ಯಾವುದಕ್ಕೆ ಕೂರಿಸಿದ್ದೀರಿ ಎಂಬುದು. ಅನೇಕ ಟ್ರೇಲರ್‌ಗಳಲ್ಲಿ ಬಂಪರಿನಂತೆ ಕಾಣುವ ಚೌಕ ಕೊಳವೆ ತೆಳು ತಗಡಿನದಾಗಿದ್ದು, ಅದರ ತುದಿಗಳನ್ನಷ್ಟೇ ಚಾಸಿಗೆ ವೆಲ್ಡ್ ಮಾಡಿರುತ್ತಾರೆ. ಕಾರಿನ ಹಿಂಬದಿಯಲ್ಲಿ ಸುಮ್ಮನಿರುವ ಸ್ಟ್ಯಾಂಡು ಟ್ರೇಲರಿನ ಹಿಂಬದಿಯಲ್ಲಿ ಹಾಗಿರುವುದಿಲ್ಲ. ಅಚ್ಚಿನಿಂದ ಬಹಳ ಹಿಂದಿರುವ ಆ ತುದಿ ಪ್ರತಿಯೊಂದು ಉಬ್ಬಿನಲ್ಲಿಯೂ ಚಾವಟಿಯ ತುದಿಯಂತೆ ಎಗರುತ್ತದೆ, ಎಗರಿ ಕೆಳಗಿಳಿಯುವ ಕ್ಷಣದಲ್ಲಿ ಬೆಸುಗೆಯ ಮೇಲೆ ಬೀಳುವ ಹೊರೆ ಸೈಕಲ್‌ಗಳ ನಿಜ ತೂಕಕ್ಕಿಂತ ಎಷ್ಟೋ ಹೆಚ್ಚು. ಕಾರಿಗೆಂದು ತಯಾರಿಸಿದ ಹಲವು ಸ್ಟ್ಯಾಂಡುಗಳನ್ನು ಟ್ರೇಲರಿಗೆ ಬಳಸಬಾರದೆಂದು ತಯಾರಕರೇ ಸೂಚಿಸುವುದು ಇದಕ್ಕಾಗಿ. ನಾವು ಬಂಪರನ್ನು ನಂಬದೆ, ಚಾಸಿಯ ಎರಡು ಉದ್ದದ ತೊಲೆಗಳಿಗೆ ಬೋಲ್ಟಿನಿಂದ ಅಡ್ಡಪಟ್ಟಿ ಕೂರಿಸಿ, ಅದಕ್ಕೆ ಸ್ಟ್ಯಾಂಡ್ ಜೋಡಿಸಿದ್ದೆವು. ಈ ಒಂದು ಕೆಲಸ ಮೊದಲಿನಿಂದಲೇ ಸರಿಯಾಗಿತ್ತು. ಹೊಸದಾಗಿ ಟ್ರೇಲರ್ ಮಾಡಿಸುವವರಿಗೆ ನನ್ನ ಸಲಹೆ ಇನ್ನೂ ಒಂದು ಹೆಜ್ಜೆ ಮುಂದಿನದು: ಸೈಕಲ್ ಸ್ಟ್ಯಾಂಡನ್ನು ಹಿಂದೆ ಇಡದೆ, ಕೊಕ್ಕೆಯ ಬಳಿಯ ತ್ರಿಕೋನ ಚೌಕಟ್ಟಿನ ಮೇಲೆ ಇಡಿಸಿ. ಅಲ್ಲಿ ಎಗರಾಟ ಕಡಿಮೆ. ತಿರುವಿನಲ್ಲಿ ಕಾರಿಗೆ ತಾಗದಷ್ಟು ಅಂತರ ಮತ್ತು ಕೊಕ್ಕೆಯ ಮೇಲಿನ ಭಾರದ ಮಿತಿ, ಇವೆರಡನ್ನು ನೋಡಿಕೊಂಡರೆ ಸಾಕು.

ಸ್ಟ್ಯಾಂಡುಗಳಲ್ಲಿ ಸೈಕಲನ್ನು ತೂಗುಹಾಕುವ ಬಗೆಗಿಂತ ಚಕ್ರಗಳು ತಟ್ಟೆಯ ಮೇಲೆ ಕೂರುವ ಬಗೆಯೇ ಉತ್ತಮ. ಭಾರದ ಸೈಕಲ್ ಒಳಗಡೆಗೆ, ಹಗುರವಾದದ್ದು ಹೊರಗಡೆಗೆ ಇರಲಿ. ಒಂದರ ಹ್ಯಾಂಡಲ್ ಎಡಕ್ಕಾದರೆ ಮುಂದಿನದರ ಹ್ಯಾಂಡಲ್ ಬಲಕ್ಕೆ ಬರಲಿ. ಒಂದರ ಪೆಡಲ್ ಇನ್ನೊಂದರ ಕಡ್ಡಿಗಳಿಗೆ ಸಿಕ್ಕಿಕೊಳ್ಳುವುದು ಸಾಮಾನ್ಯ ತೊಂದರೆಯಾದ್ದರಿಂದ ಪೆಡಲ್‌ಗಳನ್ನು ಬಿಚ್ಚಿಡುವುದೇ ಲೇಸು. ಎಡ ಪೆಡಲಿನ ಮರೆ (ತಿರುಪಿನ ಗೆರೆ) ತಿರುಗುಮುರುಗಾಗಿರುತ್ತದೆ, ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಫ್ರೇಮುಗಳು ಒಂದಕ್ಕೊಂದು ಉಜ್ಜುವಲ್ಲಿ ನಾವು ನೀರಿನಲ್ಲಿ ನೆನೆಸಿ ಮೆತ್ತಗಾದ ಅಡಿಕೆ ಹಾಳೆಯ ತುಂಡುಗಳನ್ನು ಸುತ್ತಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದೆವು. ಮೂರು ದಿನಗಳ ಪ್ರಯಾಣದಲ್ಲಿ ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಆದರೆ ಸೈಕಲಿನ ಭಾರವನ್ನು ಹಿಡಿದಿಡುವ ಕೆಲಸವನ್ನು ರಬ್ಬರಿಗಾಗಲಿ ಹುರಿಹಗ್ಗಕ್ಕಾಗಲಿ ಒಪ್ಪಿಸಬಾರದು, ಅದಕ್ಕೆ ರ‍್ಯಾಚೆಟ್ (ಹಿಡಿಯಾಡಿಸಿ ಬಿಗಿಯುವ ಕೊಂಡಿ) ಇರುವ ನೈಲಾನ್ ಪಟ್ಟಿಯೇ ಬೇಕು. ಎರಡೂ ಚಕ್ರಗಳನ್ನು ತಟ್ಟೆಗೆ ಕಟ್ಟಿ, ಎಲ್ಲ ಸೈಕಲ್‌ಗಳನ್ನೂ ಬಳಸಿ ಒಂದು ಪಟ್ಟಿಯನ್ನು ಟ್ರೇಲರಿನ ಚೌಕಟ್ಟಿಗೆ ಬಿಗಿಯಿರಿ. ಮಳೆಯಿರಲಿ ಧೂಳಿರಲಿ, ಸೈಕಲ್‌ಗಳ ಮೇಲೆ ಟಾರ್ಪಾಲ್ ಹೊದಿಸಬೇಡಿ. ಅದು ಗಾಳಿಯನ್ನು ಹಿಡಿದು ಹಾಯಿಯಂತೆ ಎಳೆಯುತ್ತದೆ. ಸೀಟಿಗೆ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಸಾಕು.

ಟ್ರೇಲರ್ ಕೂಡ ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನವೇ. ಅದರ ನಂಬರ್ ಪ್ಲೇಟು, ಬ್ರೇಕ್ ದೀಪ, ತಿರುವಿನ ದೀಪಗಳು ಸೈಕಲಿನ ಹಿಂದೆ ಮರೆಯಾಗಬಾರದು. ಒಂದು ಹಲಗೆಗೆ ಈ ಎಲ್ಲವನ್ನೂ ಜೋಡಿಸಿ, ಹೊರಗಿನ ಸೈಕಲಿನ ಹಿಂದೆ ಕಟ್ಟಿ, ವೈರನ್ನು ಟ್ರೇಲರಿನ ಪ್ಲಗ್ಗಿಗೆ ಕೊಟ್ಟೆವು.

ದಾರಿಯ ಬಗ್ಗೆ ಹೇಳುವುದಾದರೆ, ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಉದುಮ, ಬೇಕಲಗಳ ಮೂಲಕ ಸಾಗುವ ಕರಾವಳಿ ರಸ್ತೆ ಟ್ರೇಲರಿಗೆ ಅನುಕೂಲಕರವಾಗಿದೆ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಬೇಕಲ ಕೋಟೆಯನ್ನು ನೋಡಲು ಇಳಿದಾಗ ಸೈಕಲ್‌ಗಳನ್ನು ಸರಪಳಿಯಿಂದ ಸ್ಟ್ಯಾಂಡಿಗೂ ಚಾಸಿಗೂ ಸೇರಿಸಿ ಬೀಗ ಹಾಕಿದೆವು. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಕಡೆಗಳಲ್ಲಿ, ಇಳಿಜಾರು ಮುಗಿದು ಸಮತಟ್ಟಾಗುವಲ್ಲಿ, ಹಿಂದಕ್ಕೆ ಚಾಚಿದ ಸ್ಟ್ಯಾಂಡು ನೆಲಕ್ಕೆ ಉಜ್ಜುತ್ತದೆ. ನಡೆಯುವ ವೇಗದಲ್ಲಿ ಇಳಿಯಿರಿ, ಸಾಧ್ಯವಿದ್ದರೆ ಒಬ್ಬರು ಕೆಳಗಿಳಿದು ನೋಡಲಿ. ಟ್ರೇಲರನ್ನು ಚೆರುವತ್ತೂರಿನಲ್ಲಿ ಬಿಟ್ಟು ವಲಿಯಪರಂಬಕ್ಕೆ ಸೈಕಲಿನಲ್ಲಿಯೇ ಹೋದೆವು, ಅಲ್ಲಿನ ಕಿರಿದಾದ ರಸ್ತೆಗಳಿಗೆ ಟ್ರೇಲರ್ ಒಯ್ಯುವ ಅಗತ್ಯವೇ ಇಲ್ಲ. ಸಂಜೆ ಮರಳಿದ ಮೇಲೆ ಸೈಕಲ್‌ಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಹಾಕಿದೆವು. ಉಪ್ಪುಗಾಳಿಗೆ ಒಂದೇ ರಾತ್ರಿಯಲ್ಲಿ ಚೈನು ಕೆಂಪಾಗುತ್ತದೆ.

ಹೊರಟು ಹತ್ತು ಕಿಲೋಮೀಟರ್ ಆದೊಡನೆ ಒಮ್ಮೆ, ಆಮೇಲೆ ಪ್ರತಿ ನಿಲುಗಡೆಯಲ್ಲಿ, ಪಟ್ಟಿಗಳನ್ನೂ ಬೋಲ್ಟುಗಳನ್ನೂ ಕೈಯಿಂದ ಮುಟ್ಟಿ ನೋಡಬೇಕು. ನಾವು ಹೀಗೆ ನೋಡುತ್ತಲೇ ಬಂದಿದ್ದರೂ ಮನೆ ತಲುಪಿದ ಮರುದಿನ ಅಡ್ಡಪಟ್ಟಿಯ ನಾಲ್ಕು ಬೋಲ್ಟುಗಳಲ್ಲಿ ಒಂದು, ಕೆಳಗಿನಿಂದ ಕೈಗೆ ಸಿಗದೆ ಇದ್ದದ್ದು, ಬೆರಳಿನಲ್ಲಿ ತಿರುಗುವಷ್ಟು ಸಡಿಲವಾಗಿತ್ತು. ಈಗ ನಾಲ್ಕಕ್ಕೂ ನೈಲಾನ್ ಬಳೆಯಿರುವ ನಟ್ಟುಗಳನ್ನು ಹಾಕಿಸಿದ್ದೇನೆ. ನಟ್ಟಿನಿಂದ ಅಡ್ಡಪಟ್ಟಿಯವರೆಗೆ ಬಿಳಿ ಬಣ್ಣದ ಗೆರೆಯೊಂದನ್ನೂ ಎಳೆದಿದ್ದೇನೆ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು, ಟಾರ್ಚಿನ ಬೆಳಕಿಗೆ ದೂರದಿಂದಲೇ ತಿಳಿಯುತ್ತದೆ.