ಬಸುರಿಯ ಮೂತ್ರಪಿಂಡ ಮತ್ತು 0.5 ಎಂಬ ಅಂಕಿ

ಐದು ತಿಂಗಳ ಬಸುರಿಯಾಗಿದ್ದ ನನ್ನ ತಂಗಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಸ್ನಾಯುಗಳಲ್ಲಿ ಹುಟ್ಟುವ, ಮೂತ್ರಪಿಂಡಗಳು ಸೋಸಿ ಹೊರಹಾಕುವ ತ್ಯಾಜ್ಯ) 0.5 ಎಂದು ಬಂದಿತ್ತು. ಅದರ ಪಕ್ಕದಲ್ಲಿ ದಪ್ಪ ಅಕ್ಷರದ ‘ಕಡಿಮೆ’ ಎಂಬ ಗುರುತನ್ನು ಕಂಡು ಅಮ್ಮ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಆದರೆ ಆರೋಗ್ಯವಂತ ಗರ್ಭಿಣಿಯಲ್ಲಿ ಇರಬೇಕಾದ ಅಂಕಿಯೇ ಅದಾಗಿತ್ತು.

ಗರ್ಭ ನಿಂತ ಕೆಲವೇ ವಾರಗಳಲ್ಲಿ ರಕ್ತನಾಳಗಳು ಸಡಿಲಗೊಂಡು, ಮೂತ್ರಪಿಂಡಗಳಿಗೆ ಹರಿಯುವ ರಕ್ತ ಹೆಚ್ಚಿ, ಅವು ಸೋಸುವ ವೇಗ ಕ್ರಮೇಣ ಸುಮಾರು ಶೇ. 50ರಷ್ಟು ಏರುತ್ತದೆ. ಕ್ರಿಯಾಟಿನಿನ್ ಬೇಗ ಹೊರಹೋಗುವುದರಿಂದ ರಕ್ತದಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ 0.4ರಿಂದ 0.6 ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ನನ್ನನ್ನು ನಿಜಕ್ಕೂ ಕಾಡುವುದು ಇದರ ಇನ್ನೊಂದು ಮುಖ: ಉಳಿದವರಲ್ಲಿ ಸಹಜವೆನಿಸುವ 1.0 ಎಂಬ ಅಂಕಿ ಗರ್ಭಿಣಿಯಲ್ಲಿ ತೊಂದರೆಯ ಸೂಚನೆಯಾಗಿರಬಹುದು, ಆದರೂ ಸಾಮಾನ್ಯ ಮಿತಿಯನ್ನಷ್ಟೇ ಅಚ್ಚು ಮಾಡುವ ವರದಿ ಅದರ ಬಗ್ಗೆ ಮೌನವಾಗಿರುತ್ತದೆ. ಗರ್ಭಿಣಿಯರಿಗೆಂದೇ ಬೇರೆ ಮಿತಿಯನ್ನು ಪ್ರಯೋಗಾಲಯಗಳು ನಮೂದಿಸಲೇಬೇಕು.

ಸ್ಕ್ಯಾನಿನಲ್ಲಿ ಮೂತ್ರನಾಳಗಳು, ಅದರಲ್ಲೂ ಬಲಗಡೆಯದು, ತುಸು ಹಿಗ್ಗಿದಂತೆ ಕಾಣುವುದೂ ಸಾಮಾನ್ಯ. ಆದರೆ 20 ವಾರಗಳ ನಂತರ ರಕ್ತದೊತ್ತಡ ಹೊಸದಾಗಿ ಏರಿ, ಮೂತ್ರದಲ್ಲಿ ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಹೋಗತೊಡಗಿದರೆ ಅದು ಪ್ರೀಎಕ್ಲಾಂಪ್ಸಿಯಾ ಎಂಬ, ಗರ್ಭಿಣಿಯರನ್ನು ಕಾಡುವ ಅಪಾಯಕಾರಿ ತೊಂದರೆ. ಆಗ ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಹೆರಿಗೆಯಾಗಿ ಮೂರು ತಿಂಗಳಾದ ಮೇಲೆ ತಂಗಿಯ ಕ್ರಿಯಾಟಿನಿನ್ 0.7ಕ್ಕೆ ಮರಳಿತ್ತು.